ಗುಹೆಯ ವಯಸ್ಸನ್ನು ಅಳೆಯುವುದೆಂತು?

ಇಂಗ್ಲೆಂಡಿನ ಡಾರ್ಬಿಷೈರ್ ಪ್ರಾಂತದಲ್ಲಿ, ಟ್ರೆಂಟ್ ನದಿಯ ಬಳಿ, ಮರಳುಗಲ್ಲಿನ ಬಂಡೆಯಲ್ಲಿ ಕೊರೆದ ಕೆಲವು ಗುಹೆಗಳಿವೆ. ಅವುಗಳಿಗೆ ‘ಆಂಕರ್ ಚರ್ಚ್’ ಎಂದು ಹೆಸರು. ಲೋಕವನ್ನು ತೊರೆದು ಏಕಾಂತದಲ್ಲಿ ನೆಲೆಸುವ ವಿರಕ್ತನಿಗೆ ಆಂಗ್ಲರು ‘ಆಂಕರೈಟ್’ ಎನ್ನುವರು. 18ನೆಯ ಶತಮಾನದಲ್ಲಿ ಸರ್ ರಾಬರ್ಟ್ ಬರ್ಡೆಟ್ ಎಂಬ ಶ್ರೀಮಂತನು ಮಿತ್ರರೊಡನೆ ಔತಣ ನಡೆಸಲೆಂದು ಈ ಗುಹೆಗಳನ್ನು ಮಾರ್ಪಡಿಸಿದನು. ಆದುದರಿಂದ ಇವು ಆ ಕಾಲದ ವಿನೋದಗೃಹಗಳೆಂದೇ ಬಹಳ ಮಂದಿ ಭಾವಿಸಿದ್ದರು. ಆದರೆ 2021ರಲ್ಲಿ ಎಡ್ಮಂಡ್ ಸೈಮನ್ಸ್ ಮತ್ತು ಅವರ ಸಂಗಡಿಗರು, ಇವು ಬಹುಶಃ 9ನೆಯ ಶತಮಾನದ ವಾಸಸ್ಥಾನಗಳೆಂದು ಪ್ರಕಟಿಸಿದರು.

ಎರಡು ಅಭಿಪ್ರಾಯಗಳ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಹಾಗಾದರೆ ಗುಹೆಯ ಕಾಲವನ್ನು ಉಪಕರಣದಿಂದ ನೇರವಾಗಿ ಅಳೆಯಬಾರದೇಕೆ? ಬಂಡೆಯ ವಯಸ್ಸು 20 ಕೋಟಿ ವರ್ಷಗಳಿಗೂ ಹೆಚ್ಚು. ಆದರೆ ನಮಗೆ ಬೇಕಾದುದು ಬಂಡೆಯ ವಯಸ್ಸಲ್ಲ. ಅದರೊಳಗೆ ಕೊರೆದ ಬಯಲಿನ ವಯಸ್ಸು. ಕಟ್ಟಡದಲ್ಲಿ ಗಾರೆ, ಮರ ಮುಂತಾದ ಸೇರಿಸಿದ ವಸ್ತುಗಳಿರುತ್ತವೆ. ಗುಹೆಯಾದರೋ ಕಲ್ಲನ್ನು ತೆಗೆದುಹಾಕಿದುದರಿಂದ ಆದದ್ದು.

ಒಲೆಯ ಇದ್ದಿಲೋ ಮೂಳೆಯೋ ದೊರೆತರೆ ವಿಕಿರಣಶೀಲ ಇಂಗಾಲವು ನೆರವಾದೀತು. 1949ರಲ್ಲಿ ಲಿಬ್ಬಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟ ವಿಧಾನವಿದು. ಜೀವಿಯು ಸತ್ತೊಡನೆ ಅದಕ್ಕೆ ಹೊಸ ಇಂಗಾಲದ ಪೂರೈಕೆ ನಿಲ್ಲುತ್ತದೆ. ಒಳಗಿರುವ ಇಂಗಾಲ-14 ಪ್ರತಿ 5730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. 1150 ವರ್ಷಗಳ ಅನಂತರ ಅದರಲ್ಲಿ ಶೇಕಡ 87ರಷ್ಟು ಉಳಿದಿರುತ್ತದೆ. ಅಳತೆಯಲ್ಲಿ ಶೇಕಡ ಒಂದರಷ್ಟು ತಪ್ಪಾದರೂ ಕಾಲನಿರ್ಣಯವು ಸುಮಾರು 80 ವರ್ಷ ಜರುಗುತ್ತದೆ. ಅಲ್ಲದೆ, ಇದ್ದಿಲು ಹೇಳುವುದು ಮರದ ಕಾಲವನ್ನೇ ಹೊರತು ಗುಹೆಯನ್ನು ಕೊರೆದ ಕಾಲವನ್ನಲ್ಲ.

ಅಳತೆ ಸರಿಯಾಗಿದ್ದರೂ ಅರ್ಥ ತಪ್ಪಬಹುದೆಂಬುದಕ್ಕೆ ಸಮೀಪದ ರೆಪ್ಟನ್ ಗ್ರಾಮವೇ ನಿದರ್ಶನ. 873ರ ಚಳಿಗಾಲದಲ್ಲಿ ವೈಕಿಂಗರ ಸೇನೆಯು ಅಲ್ಲಿ ಬೀಡುಬಿಟ್ಟಿತ್ತು. ಅಲ್ಲಿಯ ಒಂದು ದಿಬ್ಬದಲ್ಲಿ ಕನಿಷ್ಠ 264 ಜನರ ಮೂಳೆಗಳು ದೊರೆತವು. ಇಂಗಾಲ-ಪರೀಕ್ಷೆಯು ಅವುಗಳಲ್ಲಿ ಕೆಲವು 7ನೆಯ ಅಥವಾ 8ನೆಯ ಶತಮಾನದವೆಂದು ಸೂಚಿಸಿದುದರಿಂದ, ಅವೆಲ್ಲವೂ ಆ ಸೇನೆಯ ಕಾಲದವಾಗಿರಲಾರವೆಂಬ ಸಂಶಯ ಹುಟ್ಟಿತು. 2018ರಲ್ಲಿ ಕ್ಯಾಟ್ ಜಾರ್ಮನ್ ಮತ್ತು ಸಂಗಡಿಗರು ಇದಕ್ಕೆ ಕಾರಣವನ್ನು ತೋರಿಸಿದರು. ಸಮುದ್ರದ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುತ್ತದೆ. ಮೀನನ್ನು ಹೆಚ್ಚಾಗಿ ತಿಂದವರ ಮೂಳೆಗಳು ನಿಜವಾದ ವಯಸ್ಸಿಗಿಂತ ಹಳೆಯವೆಂಬಂತೆ ತೋರುತ್ತವೆ. ಆಹಾರದ ಲೆಕ್ಕವನ್ನು ಸೇರಿಸಿದಾಗ ಮೂಳೆಗಳ ಕಾಲವು 9ನೆಯ ಶತಮಾನಕ್ಕೆ ಹೊಂದಿಕೊಂಡಿತು.

ಆಂಕರ್ ಚರ್ಚಿನ ವಿಷಯದಲ್ಲಿ ವಿದ್ವಾಂಸರು ಆಶ್ರಯಿಸಿದುದು ಸೂಕ್ಷ್ಮವಾದ ಅಳತೆಯನ್ನೂ ಹೋಲಿಕೆಯನ್ನೂ. ಕಿರಿದಾದ ಬಾಗಿಲುಗಳೂ ಕಿಟಕಿಗಳೂ ಸ್ಯಾಕ್ಸನ್ ವಾಸ್ತುವನ್ನು ಹೋಲುತ್ತವೆ. ಬಂಡೆಯಲ್ಲಿಯೇ ಕಡೆದ ಕಂಬವು ರೆಪ್ಟನ್ ಚರ್ಚಿನ ನೆಲಮಾಳಿಗೆಯ ಕಂಬಗಳನ್ನು ನೆನಪಿಗೆ ತರುತ್ತದೆ. ಸಂತ ಹಾರ್ಡಲ್ಫನ ಕುಟೀರವು ಟ್ರೆಂಟ್ ನದಿಯ ಸಮೀಪದ ಬಂಡೆಯಲ್ಲಿತ್ತೆಂದು 16ನೆಯ ಶತಮಾನದ ಗ್ರಂಥಭಾಗವೊಂದು ತಿಳಿಸುತ್ತದೆ. ಈ ಸಂತನು 806ರಲ್ಲಿ ಸಿಂಹಾಸನವನ್ನು ಕಳೆದುಕೊಂಡ ನಾರ್ದಂಬ್ರಿಯದ ದೊರೆ ಎರ್ಡ್‌ವುಲ್ಫನೇ ಇರಬೇಕೆಂದು ಇತಿಹಾಸಕಾರರು ಊಹಿಸಿದ್ದಾರೆ.

ಈ ಸಾಕ್ಷ್ಯಗಳಲ್ಲಿ ಯಾವುದೂ ಒಂಟಿಯಾಗಿ ನಿಲ್ಲಲಾರದು. ಹಳೆಯ ಶೈಲಿಯನ್ನು ಮುಂದಿನವರು ಅನುಕರಿಸಬಹುದು; ಐತಿಹ್ಯವು ಕಾಲಾಂತರದಲ್ಲಿ ಬೆಳೆಯಬಹುದು. ಆದರೆ ಬೇರೆ ಬೇರೆ ಮೂಲಗಳ ಸಾಕ್ಷ್ಯಗಳು ಒಂದೇ ಶತಮಾನವನ್ನು ಬೊಟ್ಟುಮಾಡಿದಾಗ ಊಹೆಗೆ ಬಲ ಬರುತ್ತದೆ. ಮುಂದೆ ವಿರುದ್ಧವಾದ ಪುರಾವೆ ದೊರೆತರೆ ಅದನ್ನು ತಿದ್ದಿಕೊಳ್ಳಬೇಕಾಗುತ್ತದೆ. ‘ಬಹುಶಃ’ ಎಂಬ ಮಾತನ್ನು ಅವರು ಉಳಿಸಿಕೊಂಡಿರುವುದು ಆ ಕಾರಣದಿಂದಲೇ.