‘ಬೋರ್ಡೇ ಹೋಗದೆ ಅಂದ್ರು ಸಾ!’

2025ರ ಅಕ್ಟೋಬರ್ 14. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಉಚಿತ ಬೆಂಬಲ ನಿಂತ ದಿನ. ಅವತ್ತು ಸ್ಟುಡಿಯೋದಲ್ಲಿ ಕೂತು ನಾನೇ ಹೇಳಿದ್ದೆ: ‘ಹಳೇ ಕಂಪ್ಯೂಟರ್ ಎಸೀಬೇಡಿ. ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, ಇನ್ನೂ ಓಡುತ್ತೆ.’ ಕ್ಯಾಮೆರಾ ಮುಂದೆ ಹೇಳೋದು ಎಷ್ಟು ಸುಲಭ ನೋಡಿ. ಹದಿನೈದು ದಿನಕ್ಕೆ ಸತ್ತೇಗಾಲದಿಂದ ವೀಕ್ಷಕರೊಬ್ಬರ ಫೋನ್ ಬಂತು.

‘ನಿಮ್ ಮಾತ್ ಕೇಳ್ಕಂಡು ಮಗಳು ಡಬ್ಬ ಬಿಚ್ಚವ್ಳೆ ಸಾ. ಈಗ ಫ್ಯಾನ್ ತಿರುಗ್ತದೆ, ಪರದೆ ಕಪ್ಪಗೆ ಕೂತದೆ. ಅಂಗಡಿಯವ್ರಿಗೆ ಫೋನಲ್ಲಿ ಹೇಳುದ್ರೆ ಬೋರ್ಡೇ ಹೋಗದೆ, ಆರ್ ಸಾವ್ರ ಆಯ್ತದೆ ಅಂದ್ರು.’

ಮಗಳು ಬಿ.ಕಾಂ ವಿದ್ಯಾರ್ಥಿನಿ. ಟ್ಯಾಲಿ ಅಭ್ಯಾಸ ಮಾಡೋದು ಅದರಲ್ಲೇ. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ರೆ ನನಗೆ ಸಮಾಧಾನ ಆಗ್ತಿತ್ತು.

ಡಬ್ಬ ಬಿಚ್ಚಿಯೂ ನೋಡದೆ ‘ಬೋರ್ಡ್ ಹೋಗಿದೆ’ ಅನ್ನೋದು ನಮ್ಮಲ್ಲಿ ತುಂಬಾ ಅಗ್ಗದ ತೀರ್ಪು. ನಿನ್ನೆವರೆಗೆ ಓಡ್ತಿದ್ದ ಯಂತ್ರ, ಇವತ್ತು ಕೈಹಾಕಿದ ಮೇಲೆ ನಿಂತಿದೆ ಅಂದ್ರೆ ಮೊದಲ ಅನುಮಾನ ಯಾರ ಮೇಲೆ? ಕೈಹಾಕಿದ ಜಾಗದ ಮೇಲೆ. ಮದರ್‌ಬೋರ್ಡ್ ಸರದಿ ಕಟ್ಟಕಡೆಗೆ.

ಹುಡುಗಿಗೆ ಫೋನ್ ಕೊಡಿಸಿದೆ. ‘ಗೋಡೆಯಿಂದ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಮ್ಮ, ಆಮೇಲೆ ಒಳಗೆ ಕೈಹಾಕು’ ಅಂದೆ. ಮೊದಲು ರ‍್ಯಾಮ್. ಅವಳದು ಇಂಟೆಲ್ ನಾಲ್ಕನೇ ಪೀಳಿಗೆಯ ಐ3, ಅದಕ್ಕೆ ಬೇಕಾದದ್ದು ಡಿಡಿಆರ್3. ಡಿಡಿಆರ್4 ಆದ್ರೆ ಕೂರೋದೇ ಇಲ್ಲ, ಪಟ್ಟಿಯಲ್ಲಿನ ಕಚ್ಚು ಬೇರೆ ಜಾಗದಲ್ಲಿರುತ್ತೆ. ಬಲವಂತ ಮಾಡಿದ್ರೆ ಮಾತ್ರ ಬೋರ್ಡ್ ನಿಜವಾಗ್ಲೂ ಹೋಗುತ್ತೆ! ಇವಳು ಸರಿಯಾದದ್ದನ್ನೇ ತರಿಸಿದ್ಲು. ಹೊಸದನ್ನ ತೆಗೆಸಿ, ಹಳೇ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿಸಿ, ಅದೊಂದನ್ನೇ ‘ಟಕ್’ ಅನ್ನೋವರೆಗೆ ಒತ್ತಿಸಿ ಕೂರಿಸಿದೆ. ಪರದೆ ಕಪ್ಪು.

‘ಈಗ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡು’ ಅಂದೆ. ‘ತೆಗೆದ್ರೆ ಹೆಂಗೆ ಸರ್ ಆನ್ ಆಗುತ್ತೆ?’ ಅಂದಳು. ಆನ್ ಆಗಲ್ಲ, ಆದರೆ ಅಳಬೇಕು. ಪ್ರೊಸೆಸರ್‌ಗೆ ಜೀವ ಇದ್ದರೆ ಅದು ಬಯೋಸ್ ಓದಿ, ರ‍್ಯಾಮ್ ಹುಡುಕಿ, ಸಿಗದಿದ್ದಾಗ ಬೀಪ್ ಬೀಪ್ ಅಂತ ಕೂಗುತ್ತೆ. ಒಳಗೆ ಪುಟ್ಟ ಸ್ಪೀಕರ್ ಇರಬೇಕು ಅಷ್ಟೆ, ಅವಳದ್ದರಲ್ಲಿ ಇತ್ತು. ಕೂಗಲಿಲ್ಲ. ಅಂದರೆ ತೊಂದರೆ ರ‍್ಯಾಮ್‌ದಲ್ಲ, ಪ್ರೊಸೆಸರೇ ಎದ್ದಿಲ್ಲ.

ಫ್ಯಾನ್ ತಿರುಗ್ತಿದೆಯಲ್ಲ, ಕರೆಂಟ್ ಬರ್ತಿದೆಯಲ್ಲ ಅಂತೀರಿ. ನಾಲೆಯಲ್ಲಿ ನೀರಿದ್ದ ಮಾತ್ರಕ್ಕೆ ನಿಮ್ಮ ಗದ್ದೆಗೆ ಬಂತು ಅಂತ ಅರ್ಥವಾ? ತೂಬು ತೆಗೆದಿರಬೇಕು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 24 ಪಿನ್‌ನ ಅಗಲದ ಪ್ಲಗ್ ಒಂದು ಹೋಗುತ್ತೆ, ಫ್ಯಾನ್‌ಗೆ ಅದೇ ಸಾಕು. ಪ್ರೊಸೆಸರ್‌ಗೆ 12 ವೋಲ್ಟ್ ಕೊಡೋದು ಬೇರೆ ಪುಟ್ಟ ಪ್ಲಗ್: ಎರಡು ಹಳದಿ, ಎರಡು ಕಪ್ಪು ವೈರು. ‘ಅದು ಎಲ್ಲಿದೆ ನೋಡಮ್ಮ.’ ಒಂದು ನಿಮಿಷ ಸದ್ದಿಲ್ಲ. ಆಮೇಲೆ, ‘ಸರ್, ಎಸ್‌ಎಸ್‌ಡಿ ಕೇಬಲ್‌ಗೆ ಅಡ್ಡ ಅಂತ ನಾನೇ ಕಿತ್ತಿದ್ದೆ.’

ಮತ್ತೆ ಪ್ಲಗ್ ಕೀಳಿಸಿ, ಅದನ್ನ ಸಿಕ್ಕಿಸಿ ಆನ್ ಮಾಡಿದಾಗ ಫೋನಲ್ಲೇ ನನಗೂ ಕೇಳಿಸ್ತು, ಬೀಪ್. ಹಳೇ ರ‍್ಯಾಮ್ ಹಾಕಿದ್ಲು, ಪರದೆ ಬೆಳಗಿತು. ಆಫ್ ಮಾಡಿ ಹೊಸದು, ಆಮೇಲೆ ಎಸ್‌ಎಸ್‌ಡಿ, ಒಂದೊಂದಾಗಿ. ಎಲ್ಲ ಒಟ್ಟಿಗೆ ಹಾಕಿದ್ರೆ ಎಡವಟ್ಟು ಯಾವುದರದ್ದು ಅಂತ ಗೊತ್ತಾಗೋದು ಹೇಗೆ? ಖರ್ಚು ಸೊನ್ನೆ. ಟ್ಯಾಲಿ ಲೆಕ್ಕಗಳು ಹಳೇ ಡಿಸ್ಕ್‌ನಲ್ಲಿ ಹಾಗೇ ಇದ್ದವು. (ಈ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಹೆಸರು ನೋಂದಾಯಿಸಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಇದೆ. ಆಮೇಲೆ ಲಿನಕ್ಸ್ ನೋಡಬಹುದು.)

ಇಲ್ಲಿಗೆ ಮುಗೀಬೇಕಿತ್ತು. ಆದರೆ ಹುಡುಗಿ ಇನ್ನೊಂದು ಮಾತು ಹೇಳಿದ್ಲು: ‘ಡಬ್ಬ ಮುಟ್ಟಿದ್ರೆ ಜುಮ್ ಅನ್ನುತ್ತೆ ಸರ್, ಮುಂಚೆಯಿಂದಲೂ.’

ಇದು ಪ್ಲಗ್‌ಗಿಂತ ದೊಡ್ಡ ವಿಷಯ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಲೋಹದ ಡಬ್ಬಕ್ಕೆ ಸೇರಿರುತ್ತೆ. ಲೈನಿನ ಗಲಾಟೆಯನ್ನ ಅರ್ತ್ ವೈರಿನ ಮೂಲಕ ಭೂಮಿಗೆ ಬಿಡೋದಕ್ಕೆ ಈ ಏರ್ಪಾಡು. ಅರ್ತ್ ಇಲ್ಲದಿದ್ರೆ ಡಬ್ಬದ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ನಿಂತುಬಿಡುತ್ತೆ. ಅದರಲ್ಲಿ ಹರಿಯೋ ಕರೆಂಟ್ ಅತ್ಯಲ್ಪ, ಅದಕ್ಕೇ ಬರೀ ಜುಮ್. ಆದರೆ ಕೇಬಲ್ ಸಿಕ್ಕಿಸೋವಾಗ ಪೋರ್ಟ್ ಸುಡೋಕೆ ಅಷ್ಟೇ ಸಾಕಾಗಬಹುದು. ಎಂದಾದ್ರೂ ಫೇಸ್ ವೈರೇ ಡಬ್ಬಕ್ಕೆ ತಾಗಿದ್ರೆ ಮನುಷ್ಯನೇ ಉಳಿಯೋದಿಲ್ಲ. ಮೂರು ಪಿನ್‌ನ ಪ್ಲಗ್ಗನ್ನ ಎರಡು ಪಿನ್‌ನ ಸಾಕೆಟ್ಟಿಗೆ ಹಾಕಿದ್ರಂತೆ.

ಸತ್ತೇಗಾಲದ ಪಕ್ಕದಲ್ಲೇ ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿತು. ಆಗ ಸತ್ತೇಗಾಲ ಇದ್ದದ್ದು ಮೈಸೂರು ಸಂಸ್ಥಾನದಲ್ಲಲ್ಲ, ಮದರಾಸು ಪ್ರಾಂತ್ಯದಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕರೆಂಟು ಹುಟ್ಟಿದ ಊರಿನ ಮಗ್ಗುಲಲ್ಲೇ, ನೂರಿಪ್ಪತ್ತು ವರ್ಷ ಕಳೆದ ಮೇಲೂ, ಒಂದು ಮನೆಯ ಗೋಡೆಯಲ್ಲಿ ಮೂರನೇ ತಂತಿ ಇಲ್ಲ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ತೋಡಿಸಿ, ಮೂರು ಪಿನ್ ಸಾಕೆಟ್ ಹಾಕಿಸಿ ಅಂತ ಅಪ್ಪನಿಗೆ ಹೇಳಿದೆ. ‘ಅರ್ತ್ ಜಾಗಕ್ಕೆ ನ್ಯೂಟ್ರಲ್ಲೇ ಕೊಟ್ಬುಡ್ತೀನಿ ಅಂದ್ರೆ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ತುಂಡಾದ್ರೆ ಡಬ್ಬಕ್ಕೇ ಪೂರ್ತಿ 230 ಬರುತ್ತೆ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಅಲ್ಲ ಸಾ, ತೋಟದ ಮೋಟ್ರು ಸ್ಟಾರ್ಟರ್ ಡಬ್ಬನೂ ಹಿಂಗೇ ಜುಮ್ ಅಂತದಲ್ಲ?’

ಅದರೊಳಗೆ ಇಂಥ ಕೆಪಾಸಿಟರ್ ಏರ್ಪಾಡು ಇರೋದಿಲ್ಲ; ಅಲ್ಲಿ ಜುಮ್ ಅಂದ್ರೆ ಲೈನೇ ಸೋರ್ತಿದೆ. ‘ಕಂಪ್ಯೂಟರ್ ಆಮೇಲೆ ಆಗಲಿ ಯಜಮಾನ್ರೇ. ಮೊದಲು ಎಲೆಕ್ಟ್ರಿಷಿಯನ್ನ ತೋಟಕ್ಕೆ ಕರ್ಕೊಂಡು ಹೋಗಿ, ಅಲ್ಲಿವರೆಗೆ ಆ ಸ್ಟಾರ್ಟರ್ ಯಾರೂ ಮುಟ್ಟಬೇಡಿ’ ಅಂದೆ.