ವಿಮಾನ ಚಾಲಕರ ಆಕ್ಸಿಜನ್ ಮುಖವಾಡ: ದೋಷದ ಬಿಡಿಭಾಗ ಬದಲಿಸುವುದು ಕಡ್ಡಾಯವೇಕೆ?

ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸೇತುವೆಯ ಮೇಲೆ ನಿಂತು ನೋಡಿದರೆ, ಆಕಾಶ ಶುಭ್ರವಾಗಿದ್ದ ದಿನ ಬಹಳ ಎತ್ತರದಲ್ಲಿ ಬಿಳಿ ಗೆರೆ ಎಳೆಯುತ್ತ ಸಾಗುವ ವಿಮಾನ ಕಣ್ಣಿಗೆ ಬೀಳುವುದುಂಟು. ಅದು ನಮ್ಮಿಂದ ಸುಮಾರು 10-11 ಕಿಲೋಮೀಟರ್ ಮೇಲಿರುತ್ತದೆ. ಹೆದ್ದಾರಿಯಲ್ಲಿ ಇಷ್ಟು ದೂರವನ್ನು ಬಸ್ಸು ಕಾಲು ಗಂಟೆಯಲ್ಲಿ ಕ್ರಮಿಸುತ್ತದೆ. ಆದರೆ ಇದೇ ದೂರ ನೇರವಾಗಿ ಮೇಲಕ್ಕೆ ಹೋದರೆ ಮನುಷ್ಯ ಒಂದು ನಿಮಿಷವೂ ಎಚ್ಚರವಾಗಿರಲಾರ. ಅಲ್ಲಿ ವಿಮಾನ ನಡೆಸುವವರ ಕೈಗೆಟುಕುವಷ್ಟು ಹತ್ತಿರ, ಆಸನದ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ, ಒಂದು ಆಕ್ಸಿಜನ್ ಮುಖವಾಡ ಮಡಿಚಿಟ್ಟಿರುತ್ತದೆ. ಅನೇಕ ಚಾಲಕರಿಗೆ ಇಡೀ ವೃತ್ತಿಜೀವನದಲ್ಲಿ ನಿಜವಾದ ಅಪಾಯದ ಸಂದರ್ಭದಲ್ಲಿ ಅದನ್ನು ಧರಿಸುವ ಪ್ರಸಂಗವೇ ಬರುವುದಿಲ್ಲ.

ಇಂಥ ಮುಖವಾಡದ ಒಂದು ಬಿಡಿಭಾಗದಲ್ಲಿ ದೋಷ ಕಂಡುಬಂದರೆ, ಆ ಮಾದರಿಯ ಬಿಡಿಭಾಗಗಳನ್ನೆಲ್ಲ ಪರೀಕ್ಷಿಸಬೇಕು ಇಲ್ಲವೆ ಬದಲಿಸಬೇಕು ಎಂಬ ಕಡ್ಡಾಯ ಆದೇಶ ಹೊರಡುತ್ತದೆ. ತರಗತಿಯಲ್ಲಿ ಈ ವಿಷಯ ಹೇಳುತ್ತಿದ್ದಾಗ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಕೆಟ್ಟಿರುವುದು ನಾಲ್ಕೋ ಐದೋ. ಹಾಗಿದ್ದರೂ ಸಾವಿರಾರು ಒಳ್ಳೆಯ ಬಿಡಿಭಾಗಗಳನ್ನು ಕಿತ್ತುಹಾಕುವುದು ವ್ಯರ್ಥವಲ್ಲವೇ?" ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಕೊಡಲು ಅನಿಲಗಳ ನಿಯಮ, ಶರೀರಕ್ರಿಯೆ, ವಿದ್ಯುತ್ತು ಮತ್ತು ಸಂಭವನೀಯತೆ ಈ ನಾಲ್ಕೂ ಬೇಕಾಗುತ್ತವೆ. ಒಂದೊಂದಾಗಿ ನೋಡೋಣ.

ಶೇಕಡಾ 21 ಇದ್ದರೂ ಸಾಲದು

ಗಾಳಿಯಲ್ಲಿ ಆಕ್ಸಿಜನ್ನಿನ ಪ್ರಮಾಣ ಶೇಕಡಾ 21. ಈ ಪ್ರಮಾಣ ನಮ್ಮೂರಿನಲ್ಲೂ, ವಿಮಾನ ಹಾರುವ ಎತ್ತರದಲ್ಲೂ ಒಂದೇ. ಹಾಗಾದರೆ ಅಲ್ಲಿ ಉಸಿರಾಡಲು ತೊಂದರೆ ಏಕೆ?

ರಕ್ತಕ್ಕೆ ಆಕ್ಸಿಜನ್ ಸೇರುವುದನ್ನು ನಿರ್ಧರಿಸುವುದು ಶೇಕಡಾವಾರು ಪ್ರಮಾಣವಲ್ಲ, ಆಕ್ಸಿಜನ್ನಿನ ಆಂಶಿಕ ಒತ್ತಡ. ಡಾಲ್ಟನ್ನನ ನಿಯಮದಂತೆ, ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿಗೆ ತಕ್ಕ ಒತ್ತಡವನ್ನು ಉಂಟುಮಾಡುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒಟ್ಟು ಒತ್ತಡ 760 ಮಿ.ಮೀ. ಪಾದರಸ. ಒಳಗೆಳೆದ ಗಾಳಿಗೆ ಶ್ವಾಸನಾಳದಲ್ಲಿ ನೀರಾವಿ ಸೇರುತ್ತದೆ. ದೇಹದ ಉಷ್ಣತೆಯಲ್ಲಿ ನೀರಾವಿಯ ಒತ್ತಡ 47 ಮಿ.ಮೀ. ಎತ್ತರ ಎಷ್ಟೇ ಇರಲಿ, ಈ 47 ಬದಲಾಗುವುದಿಲ್ಲ. ಅದನ್ನು ಕಳೆದು 0.21ರಿಂದ ಗುಣಿಸಿದರೆ, ಉಸಿರಾಡಿದ ಆಕ್ಸಿಜನ್ನಿನ ಆಂಶಿಕ ಒತ್ತಡ ಸುಮಾರು 150 ಮಿ.ಮೀ. ಎಂದು ಸಿಗುತ್ತದೆ.

ಇದೇ ಲೆಕ್ಕವನ್ನು ಬೇರೆ ಬೇರೆ ಎತ್ತರಗಳಿಗೆ ಮಾಡಿದರೆ ಹೀಗಾಗುತ್ತದೆ:

10,000 ಅಡಿ: ಗಾಳಿಯ ಒತ್ತಡ 523 ಮಿ.ಮೀ.; ಆಕ್ಸಿಜನ್ 100 ಮಿ.ಮೀ.
18,000 ಅಡಿ: ಗಾಳಿಯ ಒತ್ತಡ 380 ಮಿ.ಮೀ.; ಆಕ್ಸಿಜನ್ 70 ಮಿ.ಮೀ.
25,000 ಅಡಿ: ಗಾಳಿಯ ಒತ್ತಡ 282 ಮಿ.ಮೀ.; ಆಕ್ಸಿಜನ್ 49 ಮಿ.ಮೀ.
35,000 ಅಡಿ: ಗಾಳಿಯ ಒತ್ತಡ 179 ಮಿ.ಮೀ.; ಆಕ್ಸಿಜನ್ 28 ಮಿ.ಮೀ.

ಸಾಮಾನ್ಯವಾಗಿ ಎಂಜಿನ್ನಿನಿಂದ ಪಡೆದ ಸಂಪೀಡಿತ ಗಾಳಿಯನ್ನು ವಿಮಾನದೊಳಗೆ ತುಂಬುತ್ತ, ಒಳಗಿನ ಒತ್ತಡವು 8,000 ಅಡಿ ಎತ್ತರದಲ್ಲಿರುವುದಕ್ಕಿಂತ ಕೆಳಗಿಳಿಯದಂತೆ ಕಾಪಾಡುತ್ತಾರೆ. ಈ ವ್ಯವಸ್ಥೆ ವಿಫಲವಾದರೆ ಒಳಗಿನ ಒತ್ತಡವೂ ಹೊರಗಿನ ಮಟ್ಟಕ್ಕೆ ಇಳಿಯುತ್ತ ಹೋಗುತ್ತದೆ.

ಎಚ್ಚರ ಉಳಿಯುವ ಅವಧಿ

ಆಕ್ಸಿಜನ್ ಕೊರತೆಯಾದಾಗ ಮನುಷ್ಯ ಸರಿಯಾಗಿ ಯೋಚಿಸಿ ಕೆಲಸ ಮಾಡಬಲ್ಲ ಅವಧಿಗೆ ಉಪಯುಕ್ತ ಪ್ರಜ್ಞಾವಧಿ ಎನ್ನುತ್ತಾರೆ. 18,000 ಅಡಿಯಲ್ಲಿ ಇದು 20ರಿಂದ 30 ನಿಮಿಷ. 25,000 ಅಡಿಯಲ್ಲಿ 3ರಿಂದ 5 ನಿಮಿಷ. 35,000 ಅಡಿಯಲ್ಲಿ 30ರಿಂದ 60 ಸೆಕೆಂಡು. 40,000 ಅಡಿಯಲ್ಲಿ 15ರಿಂದ 20 ಸೆಕೆಂಡು ಮಾತ್ರ. ಒತ್ತಡ ಥಟ್ಟನೆ ಕುಸಿದರೆ ಇದರ ಅರ್ಧದಷ್ಟೇ ಉಳಿಯಬಹುದು.

ಇನ್ನೊಂದು ಅಪಾಯವಿದೆ. ಆಕ್ಸಿಜನ್ ಕೊರತೆಗೆ ಒಳಗಾದವನಿಗೆ ಹಲವು ವೇಳೆ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ಉಸಿರು ಕಟ್ಟಿದ ಅನುಭವ ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಎತ್ತರದಲ್ಲಿ ಅದು ಉಸಿರಿನೊಂದಿಗೆ ಹೊರಹೋಗುತ್ತಲೇ ಇರುತ್ತದೆ. ಹೀಗಾಗಿ ಮನಸ್ಸು ಉಲ್ಲಾಸವಾಗಿರುವಂತೆ ತೋರುತ್ತದೆ, ತೀರ್ಮಾನಗಳು ಮಾತ್ರ ತಪ್ಪುತ್ತವೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಈಗ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ ಎನಿಸಿರುವ ವಾಯುಪಡೆಯ ಸಂಸ್ಥೆಯಲ್ಲಿ ಇದಕ್ಕಾಗಿಯೇ ಒತ್ತಡ ಇಳಿಸಬಲ್ಲ ಕೋಣೆಗಳಿವೆ. ಇಂಥ ತರಬೇತಿಯಲ್ಲಿ ಸಾಮಾನ್ಯವಾಗಿ ಚಾಲಕನಿಗೆ ಸುಲಭವಾದ ಲೆಕ್ಕ ಮಾಡಲು ಕೊಡುತ್ತಾರೆ. ಎಲ್ಲವೂ ಸರಿಯಾಗಿದೆ ಎಂದು ಅವನು ಭಾವಿಸಿರುವಾಗಲೇ ಕಾಗದದ ಮೇಲಿನ ಅಂಕಿಗಳು ಸೊಟ್ಟಗಾಗಿರುತ್ತವೆ.

2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಸಂಸ್ಥೆಯ ಬೋಯಿಂಗ್ 737 ವಿಮಾನದಲ್ಲಿ ನಡೆದದ್ದು ಇದೇ. ಒತ್ತಡ ನಿಯಂತ್ರಕ ಸ್ವಯಂಚಾಲಿತ ಸ್ಥಿತಿಯಲ್ಲಿರಲಿಲ್ಲ. ಎಚ್ಚರಿಕೆಯ ಸದ್ದನ್ನು ಚಾಲಕರು ಬೇರೆಯಾಗಿ ಅರ್ಥ ಮಾಡಿಕೊಂಡರು, ಮುಖವಾಡ ಧರಿಸಲಿಲ್ಲ, ಪ್ರಜ್ಞೆ ತಪ್ಪಿದರು. ಇಂಧನ ಮುಗಿಯುವವರೆಗೂ ವಿಮಾನ ತಾನಾಗಿಯೇ ಹಾರಿ ಕೊನೆಗೆ ಅಪ್ಪಳಿಸಿತು; ಅದರಲ್ಲಿದ್ದ 121 ಮಂದಿಯೂ ಸತ್ತರು. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒತ್ತಡ ನೀಡುವ ಗಾಳಿಯ ಸ್ವಿಚ್ಚು ಹಾಕದೆ ಉಳಿದು, ಸುಮಾರು 30 ಪ್ರಯಾಣಿಕರಿಗೆ ಮೂಗು, ಕಿವಿಗಳಲ್ಲಿ ರಕ್ತ ಬಂತು. ವಿಮಾನ ಬೇಗನೆ ಹಿಂದಿರುಗಿದ್ದರಿಂದ ಜೀವಹಾನಿ ಆಗಲಿಲ್ಲ. ಈ ಎರಡೂ ಪ್ರಸಂಗಗಳಲ್ಲಿ ಮುಖವಾಡದ ದೋಷವಿರಲಿಲ್ಲ. ಆದರೆ ಮುಖವಾಡ ಯಾವ ಕ್ಷಣಕ್ಕಾಗಿ ಇರುವುದೆಂಬುದನ್ನು ಇವು ತೋರಿಸುತ್ತವೆ.

ಮುಖವಾಡದ ರಚನೆ

ಪ್ರಯಾಣಿಕರ ತಲೆಯ ಮೇಲಿಂದ ಇಳಿಯುವ ಹಳದಿ ಬಟ್ಟಲಿಗೆ ಅನೇಕ ವಿಮಾನಗಳಲ್ಲಿ ಆಕ್ಸಿಜನ್ ಬರುವುದು ಸೋಡಿಯಮ್ ಕ್ಲೋರೇಟ್ ವಿಭಜನೆಯಿಂದ. ಚಾಲಕರದು ಬೇರೆ ವ್ಯವಸ್ಥೆ. ಸಿಲಿಂಡರಿನಲ್ಲಿ ಸುಮಾರು 125 ವಾಯುಮಂಡಲಗಳ ಒತ್ತಡದಲ್ಲಿ ತುಂಬಿದ ಆಕ್ಸಿಜನ್ನನ್ನು ಸುಮಾರು 5 ವಾಯುಮಂಡಲಗಳಿಗೆ ಇಳಿಸಿ, ಬಾಗುವ ಕೊಳವೆಯ ಮೂಲಕ ಮುಖವಾಡಕ್ಕೆ ತರುತ್ತಾರೆ. ಮುಖವಾಡದ ಮೇಲಿರುವ ನಿಯಂತ್ರಕವು ಚಾಲಕ ಉಸಿರೆಳೆದಾಗ ಮಾತ್ರ ಅನಿಲ ಬಿಡುತ್ತದೆ.

ನಿಯಮದ ಪ್ರಕಾರ ಈ ಮುಖವಾಡವನ್ನು ಒಂದೇ ಕೈಯಿಂದ, 5 ಸೆಕೆಂಡುಗಳಲ್ಲಿ ಧರಿಸುವಂತಿರಬೇಕು. ಕನ್ನಡಕ ಹಾಕಿಕೊಂಡಿರುವ, ಇನ್ನೊಂದು ಕೈಯಲ್ಲಿ ವಿಮಾನ ನಿಯಂತ್ರಿಸುತ್ತಿರುವ ವ್ಯಕ್ತಿಗೆ ಇದು ಹೇಗೆ ಸಾಧ್ಯ? ಉಪಾಯ ಚೆನ್ನಾಗಿದೆ. ತಲೆಗೆ ಸುತ್ತುವ ಪಟ್ಟಿಯು ಸಿಲಿಕೋನ್ ರಬ್ಬರಿನ ಕೊಳವೆಗಳಿಂದ ಮಾಡಿದ್ದು. ಹಿಡಿಕೆಯನ್ನು ಅದುಮಿದಾಗ ಆಕ್ಸಿಜನ್ ಒಳನುಗ್ಗಿ ಪಟ್ಟಿ ಸೈಕಲ್ ಟ್ಯೂಬಿನಂತೆ ಉಬ್ಬಿ ಅಗಲವಾಗುತ್ತದೆ. ತಲೆಯ ಮೇಲಿಟ್ಟು ಹಿಡಿಕೆ ಬಿಟ್ಟರೆ ಅನಿಲ ಹೊರಹೋಗಿ ಪಟ್ಟಿ ಕುಗ್ಗುತ್ತದೆ, ಮುಖವಾಡ ಮುಖಕ್ಕೆ ಬಿಗಿಯಾಗಿ ಕೂರುತ್ತದೆ.

ಈ ರಬ್ಬರು ಹಳತಾಗಿಯೋ ತಯಾರಿಕೆಯ ದೋಷದಿಂದಲೋ ಸೀಳಿದರೆ ಏನಾಗುತ್ತದೆ? ಪಟ್ಟಿ ಪೂರ್ತಿ ಉಬ್ಬುವುದಿಲ್ಲ, ಅಥವಾ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. 35,000 ಅಡಿಯಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ ಆಂಶಿಕ ಒತ್ತಡ 179ರಲ್ಲಿ 47 ಕಳೆದು 132 ಮಿ.ಮೀ.; ಇದು ಸಮುದ್ರಮಟ್ಟದ 150ಕ್ಕೆ ಸಮೀಪ. ಆದರೆ ಅಂಚಿನ ಸಂದಿಯಿಂದ ಅರ್ಧದಷ್ಟು ಹೊರಗಾಳಿ ಸೇರಿದರೆ ಆಕ್ಸಿಜನ್ನಿನ ಪಾಲು ಶೇಕಡಾ 60ಕ್ಕೆ ಇಳಿದು, ಆಂಶಿಕ ಒತ್ತಡ 80 ಮಿ.ಮೀ. ಮಾತ್ರ ಆಗುತ್ತದೆ. ಇದು 15,000 ಅಡಿ ಎತ್ತರದಲ್ಲಿ ಬರಿಯ ಗಾಳಿ ಉಸಿರಾಡಿದುದಕ್ಕೆ ಸಮ. ಅಲ್ಲಿ ಮನುಷ್ಯ ಕೂಡಲೇ ಪ್ರಜ್ಞೆ ತಪ್ಪುವುದಿಲ್ಲ, ಆದರೆ ತೀರ್ಮಾನ ಮಂದವಾಗುತ್ತದೆ. ಮುಖವಾಡವೇ ಧರಿಸಲಾಗದಿದ್ದರೆ ಉಳಿಯುವುದು ಮೇಲೆ ಹೇಳಿದ 28 ಮಿ.ಮೀ. ಅಷ್ಟೇ.

ಕೊಳವೆಯೇ ಕಾಯಿಸುರುಳಿಯಾದಾಗ

ದೋಷ ಉಸಿರಾಟಕ್ಕೆ ಮಾತ್ರ ಸಂಬಂಧಿಸಿರಬೇಕಾಗಿಲ್ಲ. ಆಕ್ಸಿಜನ್ ಕೊಳವೆ ಮಡಚಿ ಮುಚ್ಚಿಕೊಳ್ಳದಂತೆ ಅದರೊಳಗೆ ತಂತಿಯ ಸುರುಳಿಯೊಂದನ್ನು ಇಡುವುದುಂಟು. 2008ರ ಜೂನ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾರಲು ಸಿದ್ಧವಾಗಿದ್ದ ಎಬಿಎಕ್ಸ್ ಏರ್ ಸಂಸ್ಥೆಯ ಬೋಯಿಂಗ್ 767 ಸರಕು ವಿಮಾನಕ್ಕೆ ನೆಲದ ಮೇಲೆಯೇ ಬೆಂಕಿ ಹತ್ತಿತು. ಇಬ್ಬರು ಚಾಲಕರೂ ಪಾರಾದರು. ವಿದ್ಯುತ್ ತಂತಿಗಳಿಗೂ ವಿದ್ಯುತ್ ಹರಿಯಬಲ್ಲ ಆಕ್ಸಿಜನ್ ಭಾಗಗಳಿಗೂ ನಡುವೆ ಸಾಕಷ್ಟು ಅಂತರವಿರಲಿಲ್ಲ. ಶಾರ್ಟ್ ಸರ್ಕ್ಯೂಟಿನಿಂದ ಕೊಳವೆ ತೂತಾಗಿ ಬೆಂಕಿ ಹೊತ್ತಿತು ಎಂದು ತನಿಖೆ ಹೇಳಿತು. 2011ರ ಜುಲೈ 29ರಂದು ಕೈರೋ ನಿಲ್ದಾಣದಲ್ಲಿ ಈಜಿಪ್ಟ್‌ಏರ್ ಸಂಸ್ಥೆಯ ಬೋಯಿಂಗ್ 777ರ ಚಾಲಕರ ಕೋಣೆ ಸುಟ್ಟುಹೋಯಿತು. ಬೆಂಕಿ ಕಾಣಿಸಿಕೊಂಡದ್ದು ಸಹಚಾಲಕನ ಆಕ್ಸಿಜನ್ ಮುಖವಾಡದ ಬಳಿ. ಅಲ್ಲೂ ಯಾರೂ ಸಾಯಲಿಲ್ಲ.

ಇಲ್ಲಿನ ಭೌತಶಾಸ್ತ್ರ ಪಿ.ಯು. ತರಗತಿಯದೇ. ವಿಮಾನದಲ್ಲಿ 28 ವೋಲ್ಟಿನ ನೇರ ವಿದ್ಯುತ್ ಇರುತ್ತದೆ. ಸುರುಳಿಯ ರೋಧ 2 ಓಮ್ ಎಂದಿಟ್ಟುಕೊಳ್ಳಿ. 14 ಆಂಪೇರ್ ಪ್ರವಾಹ ಹರಿದು 392 ವಾಟ್ ಉಷ್ಣ ಹೊಮ್ಮುತ್ತದೆ. ಇದು ಮನೆಯ 750 ವಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು. ಅದೂ ಶುದ್ಧ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕೊಳವೆಯೊಳಗೆ! 2012ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ, ಬೋಯಿಂಗ್ 777 ವಿಮಾನಗಳ ಚಾಲಕರ ಕೋಣೆಯಲ್ಲಿರುವ ಇಂಥ ಕೊಳವೆಗಳನ್ನು ತೆಗೆದು ವಿದ್ಯುತ್ ಹರಿಯದ ಕೊಳವೆಗಳನ್ನು ಹಾಕುವಂತೆ ಕಡ್ಡಾಯಗೊಳಿಸಿತು.

ಆದೇಶ ಹೊರಡುವ ಬಗೆ

ದುರಸ್ತಿ ಕೇಂದ್ರದಲ್ಲೋ ಹಾರಾಟದ ಮುಂಚಿನ ಪರೀಕ್ಷೆಯಲ್ಲೋ ಕಂಡ ದೋಷ ತಯಾರಕರಿಗೆ ವರದಿಯಾಗುತ್ತದೆ. ತಯಾರಕರು ಕಾರಣ ಹುಡುಕಿ ಸೇವಾ ಪ್ರಕಟಣೆ ಹೊರಡಿಸುತ್ತಾರೆ. ಅದು ಸಾಮಾನ್ಯವಾಗಿ ಸಲಹೆ. ಸುರಕ್ಷತೆಗೆ ಧಕ್ಕೆ ಇದೆಯೆಂದು ಕಂಡಾಗ, ವಿನ್ಯಾಸ ಮಾಡಿದ ದೇಶದ ನಿಯಂತ್ರಕರು ವಾಯುಯೋಗ್ಯತಾ ನಿರ್ದೇಶನ ಹೊರಡಿಸುತ್ತಾರೆ. ಇದು ಕಾನೂನು. ಅಮೆರಿಕದಲ್ಲಿ ಎಫ್‌ಎಎ, ಯೂರೋಪಿನಲ್ಲಿ ಈಸಾ ಈ ಕೆಲಸ ಮಾಡುತ್ತವೆ. ಅಂತಾರಾಷ್ಟ್ರೀಯ ಒಪ್ಪಂದದಂತೆ ಈ ಮಾಹಿತಿ ಆ ವಿಮಾನ ನೋಂದಣಿಯಾಗಿರುವ ದೇಶಗಳಿಗೂ ತಲಪಬೇಕು. ಭಾರತದಲ್ಲಿ ಅದನ್ನು ಜಾರಿಗೊಳಿಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ಒಂದೇ ಬಗೆಯ ಮುಖವಾಡವನ್ನು ಬೇರೆ ಬೇರೆ ಕಂಪನಿಗಳ ವಿಮಾನಗಳಲ್ಲಿ ಬಳಸುವುದುಂಟು. ಆದ್ದರಿಂದ ಇಂಥ ನಿರ್ದೇಶನಗಳಲ್ಲಿ ಬಿಡಿಭಾಗದ ಸಂಖ್ಯೆ, ಸರಣಿ ಸಂಖ್ಯೆಗಳಿಗೆ ಮಹತ್ವ. ಎಷ್ಟು ದಿನದೊಳಗೆ ಬದಲಿಸಬೇಕೆಂಬುದೂ ಅಲ್ಲಿರುತ್ತದೆ. ಅಧಿಕೃತ ಎಂಜಿನಿಯರ್ ಸಂಖ್ಯೆ ನೋಡಿ, ಬದಲಿಸಿ, ದಾಖಲೆಯಲ್ಲಿ ಸಹಿ ಹಾಕಬೇಕು. ತೆಗೆದ ಭಾಗವನ್ನು ಮತ್ತೆಲ್ಲೂ ಜೋಡಿಸುವಂತಿಲ್ಲ. ಪ್ರಯಾಣಿಕರ ವ್ಯವಸ್ಥೆಗೂ ಇದು ಅನ್ವಯಿಸುತ್ತದೆ. 2024ರ ಜುಲೈನಲ್ಲಿ ಎಫ್‌ಎಎ, ಆಕ್ಸಿಜನ್ ಉತ್ಪಾದಕಗಳನ್ನು ಹಿಡಿದಿಡುವ ಪಟ್ಟಿ ಸಡಿಲಗೊಳ್ಳುತ್ತಿದ್ದುದರಿಂದ ಅಮೆರಿಕದ ಸುಮಾರು 2,600 ಬೋಯಿಂಗ್ 737 ವಿಮಾನಗಳ ಪರೀಕ್ಷೆಗೆ ಆದೇಶಿಸಿತು.

ಎಲ್ಲವನ್ನೂ ಏಕೆ ಬದಲಿಸಬೇಕು?

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಒಂದು ಮುಖವಾಡ ಕೈಕೊಡುವ ಸಂಭವನೀಯತೆ ಸಾವಿರದಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಚಾಲಕರು ಇಬ್ಬರು. ಇಬ್ಬರದೂ ಒಟ್ಟಿಗೆ ಕೈಕೊಡುವ ಸಂಭವನೀಯತೆ ಸಾವಿರವನ್ನು ಸಾವಿರದಿಂದ ಗುಣಿಸಿ, ಹತ್ತು ಲಕ್ಷದಲ್ಲಿ ಒಂದು. ಇದು ಸಮಾಧಾನಕರ ಸಂಖ್ಯೆ. ಆದರೆ ಹೀಗೆ ಗುಣಿಸಲು ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಎರಡೂ ಮುಖವಾಡಗಳು ಒಂದೇ ಕಂತಿನ ರಬ್ಬರಿನಿಂದ ತಯಾರಾಗಿ, ಒಂದೇ ವಿಮಾನದಲ್ಲಿ ಅಷ್ಟೇ ವರ್ಷ ಇದ್ದರೆ, ಒಂದರಲ್ಲಿ ಬಿರುಕು ಬಿಟ್ಟ ಕಾರಣ ಇನ್ನೊಂದರಲ್ಲೂ ಇರುತ್ತದೆ. ಆಗ ಗುಣಾಕಾರ ನಡೆಯದು. ಸಂಭವನೀಯತೆ ಹತ್ತು ಲಕ್ಷದಲ್ಲಿ ಒಂದರಿಂದ ಸಾವಿರದಲ್ಲಿ ಒಂದರ ಕಡೆಗೆ ಸರಿಯುತ್ತದೆ. ಇಬ್ಬರು ಚಾಲಕರಿದ್ದಾರೆಂಬ ಭದ್ರತೆಯನ್ನೇ ಸಮಾನ ದೋಷ ತಿಂದುಹಾಕುತ್ತದೆ.

ಇದಲ್ಲದೆ, ಚಕ್ರ ಅಥವಾ ದೀಪ ಕೆಟ್ಟರೆ ಅದೇ ದಿನ ತಿಳಿಯುತ್ತದೆ. ಮುಖವಾಡದ ದೋಷ ಸುಪ್ತವಾಗಿರುತ್ತದೆ. ಹಾರಾಟಕ್ಕೆ ಮುಂಚೆ ಆಕ್ಸಿಜನ್ ಬರುತ್ತಿದೆಯೇ ಎಂದು ನೋಡುತ್ತಾರೆ ನಿಜ. ಆದರೆ ಸೀಳುವ ಹಂತಕ್ಕೆ ಬಂದ ರಬ್ಬರು ಈ ಪರೀಕ್ಷೆಯಲ್ಲಿ ಗೆದ್ದು, ಬೇಕಾದ ಕ್ಷಣದಲ್ಲಿ ಸೋಲಬಹುದು. ಹೀಗಾಗಿ "ಕೆಟ್ಟಾಗ ಬದಲಿಸಿದರಾಯಿತು" ಎಂಬ ಮಾತು ಇಲ್ಲಿ ಸಲ್ಲದು. ಕೆಟ್ಟಿದೆಯೆಂದು ತಿಳಿಯುವ ಹೊತ್ತಿಗೆ ಉಳಿದಿರುವುದು 30 ಸೆಕೆಂಡು.

ಈ ಕ್ಷೇತ್ರದಲ್ಲಿ ನಮ್ಮವರ ಕೆಲಸವೂ ಇದೆ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್, ತೇಜಸ್ ಯುದ್ಧವಿಮಾನಕ್ಕಾಗಿ ಸಿಲಿಂಡರನ್ನು ಅವಲಂಬಿಸದೆ ವಿಮಾನದಲ್ಲೇ ಆಕ್ಸಿಜನ್ ಬೇರ್ಪಡಿಸುವ ವ್ಯವಸ್ಥೆಯನ್ನು ರೂಪಿಸಿದೆ. 2025ರ ಮಾರ್ಚ್ 4ರಂದು ಅದರ ಪರೀಕ್ಷೆ 50,000 ಅಡಿ ಎತ್ತರದವರೆಗೆ ಯಶಸ್ವಿಯಾಗಿ ನಡೆಯಿತು. ಆಕ್ಸಿಜನ್ ಎಲ್ಲಿಂದಲೇ ಬರಲಿ, ಕೊನೆಗೆ ಅದು ಚಾಲಕನನ್ನು ಸೇರುವುದು ಕೊಳವೆ, ಕವಾಟ ಮತ್ತು ರಬ್ಬರಿನ ಅಂಚಿನ ಮೂಲಕವೇ.

ಶಿಕ್ಷಕರು ತರಗತಿಯಲ್ಲಿ ಒಂದು ಸಣ್ಣ ಚಟುವಟಿಕೆ ಮಾಡಿಸಬಹುದು. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಬಗ್ಗಿಸಿ ಬಿಸಿಲಿನಲ್ಲಿ ಕಟ್ಟಿಡಿ. ಅಂಥದೇ ಇನ್ನೊಂದು ತುಂಡನ್ನು ಪೆಟ್ಟಿಗೆಯಲ್ಲಿಡಿ. ಕೆಲವು ತಿಂಗಳ ನಂತರ ಎರಡನ್ನೂ ಎಳೆದು, ಬಿರುಕುಗಳನ್ನು ಭೂತಗನ್ನಡಿಯಲ್ಲಿ ನೋಡಿ ಹೋಲಿಸಿ. ಆಮೇಲೆ ಮಕ್ಕಳನ್ನು ಕೇಳಿ: ಈ ಎರಡರಲ್ಲಿ ಯಾವುದನ್ನು ನಂಬಿ ನೀವು 35,000 ಅಡಿಗೆ ಏರುತ್ತೀರಿ? ನನ್ನ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದಿಷ್ಟು: "ಯಾವುದನ್ನೂ ಅಲ್ಲ ಸರ್. ಹೊಸದನ್ನು ಹಾಕಿಕೊಡಿ."