ಇಂಗಾಲದ ನಳಿಕೆ ರಕ್ತಪರೀಕ್ಷೆಗೆ ಬಂದೀತೇ?

ಸಕ್ಕರೆ ಕಾಯಿಲೆ ಇರುವ ಹಲವರ ಮನೆಯಲ್ಲಿ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಇರುತ್ತದೆ. ಅದರ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ವಿಧಾನ: ಎಚ್‌ಪಿಎಲ್‌ಸಿ’ ಎಂದಿದ್ದರೆ ಇವತ್ತು ಒಮ್ಮೆ ಓದಿ ನೋಡಿ. ನೀವು ಹಣ ಕೊಟ್ಟದ್ದು ಮುಖ್ಯವಾಗಿ ಆ ಕೆಲಸಕ್ಕೇ.

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಸ್ವಲ್ಪ ಸ್ವಲ್ಪವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಪಾಲು ಶೇಕಡಾ ಎಷ್ಟೆಂದು ತಿಳಿದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಕ್ಕಿದಂತೆ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎನ್ನುತ್ತೇವೆ. ಆದರೆ ಸಕ್ಕರೆ ಅಂಟಿದ್ದು, ಅಂಟದ್ದು ಎರಡೂ ಬಣ್ಣದಲ್ಲಿ, ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಅಡಿಕೆ ರಾಶಿಯಿಂದ ಪಟೋರ, ಕರಿಗೋಟು ಆರಿಸಿದಂತೆ ಕಣ್ಣಳತೆಯಲ್ಲಿ ಆರಿಸಲು ಸಾಧ್ಯವಿಲ್ಲ.

ಪುತ್ತೂರು ಜಾತ್ರೆಗೆ ಮಕ್ಕಳನ್ನು ಕರೆದೊಯ್ದದ್ದನ್ನು ನೆನಪಿಸಿಕೊಳ್ಳಿ. ಕೈ ಖಾಲಿ ಇರುವ ಮಗು ಪ್ರತಿ ಮಿಠಾಯಿ ಅಂಗಡಿಯ ಮುಂದೆಯೂ ನಿಲ್ಲುತ್ತದೆ. ಕೈಯಲ್ಲಿ ಆಗಲೇ ಮಿಠಾಯಿ ಇರುವ ಮಗು ಬೇಗ ಆ ತುದಿ ಸೇರುತ್ತದೆ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಆಗುವುದೂ ಇದೇ. ಋಣ ವಿದ್ಯುದಂಶವಿರುವ ಸೂಕ್ಷ್ಮ ಕಣಗಳನ್ನು ತುಂಬಿದ ಕೊಳವೆಯಲ್ಲಿ ರಕ್ತದ ದ್ರಾವಣವನ್ನು ಒತ್ತಡದಿಂದ ಹಾಯಿಸುತ್ತಾರೆ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್‌ನ ಧನ ವಿದ್ಯುದಂಶ ಕಡಿಮೆಯಾಗಿರುವುದರಿಂದ ಅದು ಕಣಗಳಿಗೆ ಅಷ್ಟಾಗಿ ಅಂಟದೆ ಮೊದಲು ಹೊರಬರುತ್ತದೆ.

ಇಂಥ ಯಂತ್ರಕ್ಕೆ ಬಂಡವಾಳ ಬೇಕು, ದ್ರಾವಣಗಳು ಬೇಕು, ಕೈಕೊಡದ ವಿದ್ಯುತ್ ಬೇಕು. ಆದ್ದರಿಂದ ನೆಲ್ಯಾಡಿಯಂಥ ಊರಿನಿಂದ ರಕ್ತವೇ ಪುತ್ತೂರಿಗೋ ಮಂಗಳೂರಿಗೋ ಪ್ರಯಾಣ ಮಾಡಬೇಕಾಗುತ್ತದೆ. ಇಡೀ ಕೊಳವೆಯನ್ನೇ ಗಾಜಿನ ಚೂರೊಂದರಲ್ಲಿ ಕೂದಲೆಳೆಯಷ್ಟು ಸಪೂರದ ಕಾಲುವೆಯಾಗಿ ಕೊರೆದರೆ? ಅದೇ ಸೂಕ್ಷ್ಮದ್ರವ ಚಿಪ್. ಒಂದು ಹನಿಯ ಅಲ್ಪಾಂಶವೂ ಸಾಕು. ಆದರೆ ಅಷ್ಟು ಸಪೂರದ ಬೀದಿಯಲ್ಲಿ ಅಂಗಡಿ ಇಡುವುದೆಲ್ಲಿ? ಕಣ ತುಂಬಲು ಹೋದರೆ ಕಾಲುವೆ ಕಟ್ಟಿಕೊಳ್ಳುತ್ತದೆ.

ಇಲ್ಲಿ ನೆರವಿಗೆ ಬರಬಹುದಾದದ್ದು ಇಂಗಾಲದ ನ್ಯಾನೋ ನಳಿಕೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇದರ ಬಗ್ಗೆ ಬರೆದ ಮೇಲೆ ಲೋಕದ ಗಮನ ಇತ್ತ ಹರಿಯಿತು. ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ ಪದರವನ್ನು ಚಾಪೆಯಂತೆ ಸುರುಳಿ ಸುತ್ತಿದ್ದೀರಿ ಎಂದು ಭಾವಿಸಿ. ಅತಿ ಸಣ್ಣ ನಳಿಕೆ ಕೂದಲಿಗಿಂತ ಹತ್ತಾರು ಸಾವಿರ ಪಾಲು ಸಪೂರ. ಕಾಲುವೆಯ ತಳದಲ್ಲಿಯೇ ಇವನ್ನು ನೇಜಿಯಂತೆ ಒತ್ತಾಗಿ ಬೆಳೆಸಬಹುದು. ಒಂದು ಗ್ರಾಂ ನಳಿಕೆಯ ಮೈ ವಿಸ್ತಾರ ನೂರಾರು ಚದರ ಮೀಟರ್. ಅಂದರೆ ಅಂಗಡಿಗಳಿಗೆ ಬರವಿಲ್ಲ. ನೀರನ್ನು ಒಲ್ಲದ ಅಣುಗಳು ಅಲ್ಲಿ ತಡೆದು ನಿಲ್ಲುತ್ತವೆ, ನೀರಿನೊಡನೆ ಬೆರೆಯುವವು ಮುಂದೆ ಸಾಗುತ್ತವೆ.

ಒಂದು ಎಡವಟ್ಟಿದೆ. ಚಿಪ್‌ನಲ್ಲಿ ದ್ರವವನ್ನು ಓಡಿಸಲು ಅನೇಕ ವೇಳೆ ವಿದ್ಯುತ್ತನ್ನೇ ಬಳಸುತ್ತಾರೆ. ಈ ನಳಿಕೆಗಳೂ ವಿದ್ಯುತ್ ಹರಿಸುವಂಥವು. ಪರಿಣಾಮವಾಗಿ ಗುಳ್ಳೆ ಎದ್ದು ಕೆಲಸ ಕೆಡುತ್ತದೆ. ಡೆನ್ಮಾರ್ಕಿನ ಸಂಶೋಧಕರು ನಳಿಕೆಗಳನ್ನು ಒಂದೇ ಹಾಸಾಗಿ ಬೆಳೆಸದೆ ಬಿಡಿಬಿಡಿ ಗುಂಪುಗಳಾಗಿ ಬೆಳೆಸಿ ಈ ತೊಡಕನ್ನು ದಾಟಿದ್ದನ್ನು 2011ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು ಅದೇ ವಿದ್ಯುತ್ ಗುಣವನ್ನು ಬೇರೆ ಕೆಲಸಕ್ಕೆ ಹಚ್ಚಿದ್ದರು: ನಳಿಕೆಗಳ ಮೇಲೆ ದ್ರವ ಹರಿದರೆ ಅಲ್ಪ ವೋಲ್ಟೇಜ್ ಹುಟ್ಟುತ್ತದೆ, ಅದರಿಂದ ಹರಿವನ್ನು ಅಳೆಯಬಹುದು ಎಂದು 2003ರಲ್ಲಿ ತೋರಿಸಿದರು.

ಇವೆಲ್ಲ ಪ್ರಯೋಗಶಾಲೆಯ ಮಾತು. ರಕ್ತದ ಪ್ರೋಟೀನುಗಳು ನಳಿಕೆಗೆ ಅಂಟಿದರೆ ಸುಲಭದಲ್ಲಿ ಬಿಡುವುದಿಲ್ಲ. ಇದು ಬಗೆಹರಿಯದೆ ನಳಿಕೆಯ ಚಿಪ್ ಹಳ್ಳಿಯ ದವಾಖಾನೆಗೆ ಬರಲಾರದು ಎಂದು ನನ್ನ ಎಣಿಕೆ. ಆದರೆ ನಳಿಕೆಯಿಲ್ಲದ ಚಿಪ್ ಈಗಾಗಲೇ ದುಡಿಯುತ್ತಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್, ಕಫದಿಂದ ಕ್ಷಯಾಣುವಿನ ಡಿಎನ್‌ಎಯನ್ನು ಬೇರ್ಪಡಿಸಿ ಪುಟ್ಟ ಚಿಪ್‌ನಲ್ಲಿ ಪತ್ತೆ ಹಚ್ಚುತ್ತದೆ. ಬ್ಯಾಟರಿಯಿಂದಲೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನು ಶಿಫಾರಸು ಮಾಡಿತು. ಎರಡು ವಾರ ಮೀರಿದ ಕೆಮ್ಮಿದ್ದರೆ ಪರೀಕ್ಷೆಗೆ ಎದೆಯಾಳದ ಕಫವನ್ನೇ ಕೊಡಿ. ಬರಿಯ ಎಂಜಲಿನಲ್ಲಿ ಯಂತ್ರಕ್ಕೆ ಹುಡುಕಲು ಏನೂ ಇರಲಾರದು.

ಬೆರಳ ತುದಿಯ ಒಂದು ಹನಿಯಿಂದ ನೂರು ರೋಗ ತಿಳಿಸುತ್ತೇವೆ ಎಂದು ‘ನ್ಯಾನೋ’ ಹೆಸರಿನಲ್ಲಿ ಯಾರಾದರೂ ಬಂದರೆ ಕಿಸೆಗೆ ಕೈ ಹಾಕಬೇಡಿ. ಅಂಥದೇ ಆಶ್ವಾಸನೆ ಕೊಟ್ಟಿದ್ದ ಅಮೆರಿಕದ ಥೆರಾನೋಸ್ ಕಂಪೆನಿಯ ಸ್ಥಾಪಕಿಗೆ ಹೂಡಿಕೆದಾರರನ್ನು ವಂಚಿಸಿದ್ದಕ್ಕೆ 2022ರಲ್ಲಿ ಜೈಲು ಶಿಕ್ಷೆಯಾಯಿತು.

ದೊಡ್ಡ ಯಂತ್ರದ ವರದಿಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ನಮ್ಮ ಹೆಂಗಸರಲ್ಲಿ ಇಂಥ ರಕ್ತಹೀನತೆ ಸಾಮಾನ್ಯ. ಇತ್ತೀಚೆಗೆ ಹೆಚ್ಚು ರಕ್ತ ಹೋಗಿದ್ದರೆ ಕಡಿಮೆ ತೋರಬಹುದು. ಅಂಕಿ ನೋಡಿ ಮಾತ್ರೆ ಹೆಚ್ಚಿಸುವ ಅಥವಾ ಬಿಡುವ ಮೊದಲು ಈ ವಿಷಯಗಳನ್ನು, ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನೂ, ವೈದ್ಯರಿಗೆ ಹೇಳಿ. ಬೆಳಗ್ಗಿನ ಬರಿಹೊಟ್ಟೆಯ ಸಕ್ಕರೆಯನ್ನೂ ಜೊತೆಗೆ ನೋಡಿಸಿ.